ಗುಡ್ಡವಿಲ್ಲದ ಊರಿನ ಗುಡ್ಡದ ಸೈಕಲ್ಲು

ರಿಚ್ಮಂಡ್ ಹಿಲ್ ಎಂಬ ಊರಿನಲ್ಲಿ ಹಿಲ್ ಎಲ್ಲಿದೆ ಎಂದು ಯಾರೂ ಕೇಳಬಾರದು. ಕೇಳಿದರೆ ಇಲ್ಲಿನವರು ಯಂಗ್ ಸ್ಟ್ರೀಟಿನ ಕಡೆ ಕೈ ತೋರಿಸಿ, "ಇದೇ, ಉತ್ತರಕ್ಕೆ ಹೋದರೆ ಸ್ವಲ್ಪ ಏರುತ್ತದಲ್ಲ!" ಎನ್ನುತ್ತಾರೆ. ಏರುತ್ತದೆ, ಸುಳ್ಳಲ್ಲ. ಕಾರಿನವರಿಗೆ ಅದು ಗೊತ್ತಾಗುವುದಿಲ್ಲ, ನಡೆಯುವವರಿಗೆ ಅನುಮಾನ ಬರುತ್ತದೆ, ಸೈಕಲ್ಲಿನವರಿಗೆ ಮಾತ್ರ ಖಾತ್ರಿಯಾಗುತ್ತದೆ. ಸಮುದ್ರಮಟ್ಟದ ಲೆಕ್ಕ ಹಿಡಿದರೆ ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣವೇ ಈ ಹಿಲ್ಲಿನ ನೆತ್ತಿಗಿಂತ ಎರಡು ಪಟ್ಟಿಗೂ ಮೇಲಿದೆ. ಊರಿನಲ್ಲಿ 1935ರಲ್ಲಿ ಶುರುವಾದ ಡೇವಿಡ್ ಡನ್‌ಲಪ್ ವೀಕ್ಷಣಾಲಯವಿದೆ. ಅದರ 74 ಇಂಚಿನ ದೂರದರ್ಶಕ ಆ ಕಾಲಕ್ಕೆ ಜಗತ್ತಿನಲ್ಲೇ ಎರಡನೆಯ ದೊಡ್ಡದು. ಅದನ್ನು ಹಿಡಿದು ಹುಡುಕಿದರೂ ಊರೊಳಗೆ ಒಂದು ಬೆಟ್ಟ ಸಿಗಲಾರದು. 1819ರಲ್ಲಿ ಡ್ಯೂಕ್ ಆಫ್ ರಿಚ್ಮಂಡ್ ಈ ದಾರಿಯಾಗಿ ಬಂದದ್ದರಿಂದ ಈ ಹೆಸರು ಬಂತೆಂದು ಒಂದು ಕಥೆ ಹೇಳುತ್ತಾರೆ. ಪಾಪ, ಅದೇ ಬೇಸಿಗೆಯಲ್ಲಿ ನರಿ ಕಚ್ಚಿ, ರೇಬೀಸ್ ಬಂದು ಆತ ತೀರಿಕೊಂಡ. ಹೀಗಾಗಿ ಹಿಲ್ ಎಲ್ಲಿ ಕಂಡಿರಿ ಸ್ವಾಮಿ ಎಂದು ವಿಚಾರಿಸಲು ಯಾರಿಗೂ ಪುರಸೊತ್ತಾಗಲಿಲ್ಲ.

ಇಂಥ ಊರಿಗೆ ಬಂದು ನೆಲೆಸಿದ ನಮ್ಮ ಕನ್ನಡದ ಗಂಡಸರಿಗೆ ನಲವತ್ತೈದು ದಾಟುತ್ತಿದ್ದಂತೆ ಮೌಂಟನ್ ಬೈಕಿನ ಹುಚ್ಚು ಹಿಡಿಯುತ್ತದೆ. ಹೊಸದಾದರೆ ಹೇಗೋ ಸಹಿಸಬಹುದಿತ್ತು. ಅವರಿಗೆ ಬೇಕಾದದ್ದು ಹಳೆಯದು, ತುಕ್ಕು ಹಿಡಿದದ್ದು, ಗೇರು ಬೀಳದ್ದು, ಬ್ರೇಕು ಹಿಡಿಯದ್ದು. ಅದಕ್ಕೆ ವಿಂಟೇಜ್ ಎಂದು ಹೆಸರಿಟ್ಟರೆ ಮನೆಯೊಳಗೆ ಪ್ರವೇಶ ಸಿಗುತ್ತದೆ. ಗುಜರಿ ಎಂದರೆ ಸಿಗುವುದಿಲ್ಲ. ಇಂಥವರನ್ನೆಲ್ಲ ಒಟ್ಟಿಗೆ ರಾಯರು ಎನ್ನೋಣ. ರಾಯರು ಒಬ್ಬ ವ್ಯಕ್ತಿಯಲ್ಲ, ಒಂದು ತಳಿ. ಬೇವ್ಯೂ ಅವೆನ್ಯೂದ ಗಣೇಶ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ, ಕನ್ನಡ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ, ನಿಮ್ಮ ಹಿಂದೆಯೇ ಒಬ್ಬರು ನಿಂತಿರುತ್ತಾರೆ. "ಹೇಗಿದ್ದೀರಿ ರಾಯರೇ?" ಎಂದು ಕೇಳಿ ನೋಡಿ. ಬಿಸಿಬೇಳೆ ಭಾತಿನ ಪಾತ್ರೆ ತಲುಪುವುದರೊಳಗೆ ಬಾಟಮ್ ಬ್ರ್ಯಾಕೆಟ್‌ವರೆಗೆ ಬಂದಿರುತ್ತಾರೆ.

ಇವರಲ್ಲಿ ಯಾರಾದರೂ ಬಾಗಲಕೋಟೆ, ವಿಜಯಪುರದ ಕಡೆಯವರಾದರೆ ಕೇಳುವುದೇ ಬೇಡ. ಹಳ್ಳಿಹಳ್ಳಿಯಿಂದ ಹುಡುಗ ಹುಡುಗಿಯರು ಹೊರಟು ರಾಷ್ಟ್ರಮಟ್ಟದ ಸೈಕ್ಲಿಂಗ್ ಪದಕ ತಂದ ಸೀಮೆ ಅದು. "ಏನ್ರೀ ಸಾಹೇಬ್ರ, ನಮ್ಮ ಕಡೆ ಸೈಕಲ್ ಅಂದ್ರ ಚ್ಯಾಷ್ಟಿ ಅಲ್ರೀ" ಎಂದು ಶುರುಮಾಡುತ್ತಾರೆ. ಮೈಸೂರಿನ ರಾಯರು ಆಗ ತಮ್ಮ ಕಾಲದ ಬಾಡಿಗೆ ಸೈಕಲ್ಲನ್ನೂ ಒಳಪೆಡಲನ್ನೂ ತೆಗೆದು ಎದುರಿಗಿಡುತ್ತಾರೆ. ಹಿಂದಿನವರು ಊಟ ಮುಗಿಸಿ ಕೈ ತೊಳೆದಿರುತ್ತಾರೆ. ಇವರಿಬ್ಬರ ತಟ್ಟೆಯಲ್ಲಿ ಇನ್ನೂ ಉಪ್ಪಿನಕಾಯಿ ಮಾತ್ರ.

ಸೈಕಲ್ಲು ಸಿಗುವುದು ಹೇಗೆ? ಮೇ ತಿಂಗಳು ಬರಬೇಕು. ಹಿಮ ಕರಗಿ, ಮನೆಮನೆಯ ಮುಂದೆ ಗರಾಜ್ ಸೇಲ್ ಶುರುವಾಗಬೇಕು. ಬಳಸದ ಟ್ರೆಡ್‌ಮಿಲ್ಲು, ಒಂಟಿ ಸ್ಕೀ, ಫಾಂಡ್ಯೂ ಪಾತ್ರೆ ಇವುಗಳ ನಡುವೆ ಗೋಡೆಗೊರಗಿ ಅದು ನಿಂತಿರುತ್ತದೆ. ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ಕಣ್ಣಿಗೆ ಚುಚ್ಚುವ ಹಳದಿ, ನಡುವೆ ಬಣ್ಣ ಎರಚಿದ ಚುಕ್ಕೆಗಳು. ಎಂಬತ್ತರ ದಶಕದ ಕೊನೆಯಲ್ಲಿ ಲೋಕಕ್ಕೇ ಹಾಗೆ ಕಣ್ಣು ಕುಕ್ಕುವ ಬಣ್ಣ ಬೇಕಾಗಿತ್ತು. ಮಾರುವ ಮುದುಕ ಇಪ್ಪತ್ತು ಡಾಲರ್ ಎನ್ನುತ್ತಾನೆ. ರಾಯರು ತರಕಾರಿ ಅಂಗಡಿಯ ಅಭ್ಯಾಸದಿಂದ ಹದಿನೈದಕ್ಕೆ ಕೇಳುತ್ತಾರೆ. ಆತ "ತಗೊಂಡು ಹೋಗು, ಪಂಪನ್ನೂ ತಗೋ" ಎನ್ನುತ್ತಾನೆ. ಐದು ಡಾಲರ್ ಗೆದ್ದ ಈ ಸಂಭ್ರಮಕ್ಕೆ ರಾಯರು ಮುಂದೆ ತೆರುವ ಬೆಲೆಯನ್ನು ಅವರ ಮನೆಯವರ ಮುಂದೆ ನಾನು ಹೇಳುವುದಿಲ್ಲ.

ಮನೆಗೆ ತಂದ ಕೂಡಲೇ ಜಾತಕ ತೆಗೆಯಬೇಕು. ರಾಯರು ಕ್ರ್ಯಾಂಕಿನ ಬೆನ್ನನ್ನು ಒರೆಸಿ, ಕನ್ನಡಕ ಏರಿಸಿ, ಎರಡಕ್ಷರ ಓದುತ್ತಾರೆ. ಶಿಮಾನೊ ಕಂಪನಿ ತನ್ನ ಬಿಡಿಭಾಗಗಳ ಮೇಲೆ ವರ್ಷಕ್ಕೊಂದು, ತಿಂಗಳಿಗೊಂದು ಅಕ್ಷರ ಒತ್ತುತ್ತಿತ್ತು. 1976ಕ್ಕೆ ಎ, 1977ಕ್ಕೆ ಬಿ, ಹೀಗೆ ಸಾಗುತ್ತದೆ. ತಿಂಗಳಿಗೂ ಜನವರಿಯಿಂದ ಹಾಗೆಯೇ. "ಎನ್‌ಸಿ! ಅಂದ್ರೆ 1989ರ ಮಾರ್ಚ್!" ಎಂದು ಕೂಗುತ್ತಾರೆ. ಮದುವೆಯ ತಾರೀಖು ಕೇಳಿದರೆ ತಡವರಿಸುವ ಮನುಷ್ಯ ಇವರೇ. ಮಗಳು ಫೋನಿನಿಂದ ತಲೆ ಎತ್ತದೆ, "ಅಪ್ಪಾ, ಅದು ನಿಮಗಿಂತ ಚಿಕ್ಕದು. ವಿಂಟೇಜ್ ಅಂದ್ರೆ ನೀವೇನು?" ಎನ್ನುತ್ತಾಳೆ.

ಇಲ್ಲಿ ಒಂದು ಮಾತನ್ನು ರಾಯರ ಪರವಾಗಿ ಹೇಳಲೇಬೇಕು. ಹಳೆಯದನ್ನು ಹೆಕ್ಕಿ ತರುವುದು ಮೌಂಟನ್ ಬೈಕಿಗೆ ಮಾಡಿದ ಅಪಚಾರವೇನಲ್ಲ. ಆ ಸೈಕಲ್ಲು ಹುಟ್ಟಿದ್ದೇ ಗುಜರಿಯಲ್ಲಿ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಎಪ್ಪತ್ತರ ದಶಕದ ತರುಣರು 1930, 40ರ ದಶಕದ ಹಳೇ ಶ್ವಿನ್ ಸೈಕಲ್ಲುಗಳನ್ನು ಮೂರು ಕಾಸಿಗೆ ಕೊಂಡರು. ಪೇಪರ್ ಹಾಕುವ ಹುಡುಗರು ಓಡಿಸಿ ಬಿಟ್ಟ, ದಪ್ಪ ಟೈರಿನ, ಎತ್ತಲಾಗದ ಭಾರದ ಸೈಕಲ್ಲುಗಳವು. ಅವನ್ನು ಬೆಟ್ಟದ ಮೇಲಕ್ಕೆ ಸಾಗಿಸಿ, ಅಲ್ಲಿಂದ ಕೆಳಕ್ಕೆ ಬಿಟ್ಟರು. ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಎರಡು ಮೈಲಿಯಲ್ಲಿ 1,300 ಅಡಿ ಇಳಿಯುವ ಮಣ್ಣಿನ ಹಾದಿಯಲ್ಲಿ 1976ರ ಅಕ್ಟೋಬರ್ 21ರಂದು ಮೊದಲ ಪಂದ್ಯ ನಡೆಯಿತು. ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕುಗಳು ಕೆಳಗೆ ತಲುಪುವಷ್ಟರಲ್ಲಿ ಕಾದು ಹೊಗೆಯಾಡುತ್ತಿದ್ದವು. ಹಬ್ಬಿನೊಳಗಿನ ಗ್ರೀಸೆಲ್ಲ ಸುಟ್ಟು ಹೋಗಿ, ಪ್ರತಿ ಸಲವೂ ಬಿಚ್ಚಿ ಹೊಸದಾಗಿ ತುಂಬಬೇಕಾಗಿತ್ತು. ಅದರಿಂದಲೇ ಆ ಪಂದ್ಯಕ್ಕೆ ರಿಪ್ಯಾಕ್, ಅಂದರೆ ಮತ್ತೆ ತುಂಬುವುದು, ಎಂಬ ಹೆಸರು ಬಿತ್ತು. ಹಾಗೆ ಇಳಿದವರಲ್ಲಿ ಜೋ ಬ್ರೀಜ್ 1977ರಲ್ಲಿ ಈ ಕೆಲಸಕ್ಕೆಂದೇ ಹೊಸ ಫ್ರೇಮು ಕಟ್ಟಿದ. 1979ರಲ್ಲಿ ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ ಸೇರಿ ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನಿಟ್ಟುಕೊಂಡು ಅಂಗಡಿ ತೆರೆದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ ಅಂಗಡಿಗಳಿಗೆ ಬಂತು. ಅದೇ ವರ್ಷ ಕೆನಡಾದ ವ್ಯಾಂಕೂವರಿನಲ್ಲಿ ರಾಕಿ ಮೌಂಟನ್ ಬೈಸಿಕಲ್ಸ್ ಶುರುವಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಕ್ರೀಡೆ ಮೊದಲ ಸಲ ಸೇರಿದಾಗ ಕೆನಡಾದ ಆಲಿಸನ್ ಸಿಡೋರ್ ಬೆಳ್ಳಿ ಗೆದ್ದರು. ಪೇಪರ್ ಹುಡುಗನ ಸೈಕಲ್ಲು ಇಪ್ಪತ್ತೇ ವರ್ಷದಲ್ಲಿ ಒಲಿಂಪಿಕ್ಸಿಗೆ ಹೋಯಿತು. ಅಲ್ಲಿಂದ ಅದನ್ನು ಮರಳಿ ಪೇಪರ್ ಹುಡುಗನ ಕೈಗೆ ತಲುಪಿಸುವ ಹೊಣೆ ನಮ್ಮ ರಾಯರ ಮೇಲೆ ಬಿದ್ದಿದೆ. ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲ ಅಡ್ಡಿ ಸೀಟಿನದು. ಸೀಟು ಮೇಲಕ್ಕೂ ಬರುವುದಿಲ್ಲ, ಕೆಳಕ್ಕೂ ಹೋಗುವುದಿಲ್ಲ. ಫ್ರೇಮು ಕ್ರೋಮ್-ಮಾಲಿ ಉಕ್ಕು, ಸೀಟಿನ ಕಂಬಿ ಅಲ್ಯೂಮಿನಿಯಂ. ಎರಡು ಬೇರೆ ಲೋಹ, ನಡುವೆ ತೇವ, ಅದಕ್ಕೆ ಒಂಟಾರಿಯೊ ರಸ್ತೆಗಳಿಗೆ ಚಳಿಗಾಲವಿಡೀ ಸುರಿಯುವ ಉಪ್ಪು. ಮೂರೂ ಸೇರಿದರೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಬೆಳೆದು ಬಿಗಿದು ಕೂರುತ್ತದೆ. ರಾಯರು ಸಂದಿಗೆ ಎಣ್ಣೆ ಬಿಟ್ಟು ಕಾಯುತ್ತಾರೆ. ಸೀಟು ಹಿಡಿದು ತಿರುಚುತ್ತಾರೆ. "ಸ್ವಲ್ಪ ಬಂತು!" ಎನ್ನುತ್ತಾರೆ, ಬಂದದ್ದು ಅವರ ಸೊಂಟ. ಬಿಸಿ ಮಾಡಿದರೆ ಸಡಿಲವಾಗುತ್ತದೆ ಎಂದು ಹೇಳಲು ಹತ್ತು ಜನ ಇರುತ್ತಾರೆ, ನಂಬಬೇಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಎರಡನ್ನೂ ಕಾಯಿಸಿದರೆ ಇನ್ನೂ ಬಿಗಿಯಾಗುತ್ತದೆ. ಹಿಗ್ಗುವುದು ಹೆಚ್ಚಾದರೆ ಕುಗ್ಗುವುದೂ ಹೆಚ್ಚು. ಆದ್ದರಿಂದ ಬೇಕಾದದ್ದು ಚಳಿ. ಜನವರಿಯ ಒಂದು ರಾತ್ರಿ, ಮೈನಸ್ ಇಪ್ಪತ್ತರಲ್ಲಿ, ಸೈಕಲ್ಲನ್ನು ಡೆಕ್ಕಿನ ಮೇಲೆ ಬಿಟ್ಟು ಬೆಳಗ್ಗೆ ತಿರುಚಿದರೆ ಕಂಬಿ ಕಿರ್ ಎಂದು ಬರುವ ಸಂಭವವುಂಟು. ಕೆನಡಾದ ಚಳಿಯಿಂದ ಕನ್ನಡಿಗರಿಗೆ ಆದ ಉಪಕಾರಗಳ ಪಟ್ಟಿ ಮಾಡಿದರೆ ಇದು ಮೊದಲನೆಯದು. ಎರಡನೆಯದನ್ನು ಇನ್ನೂ ಹುಡುಕುತ್ತಿದ್ದೇವೆ.

ಆಮೇಲೆ ಪೆಡಲು. ಎಡಗಡೆಯ ಪೆಡಲಿನ ಥ್ರೆಡ್ಡು ಉಲ್ಟಾ. ಎರಡೂ ಕಡೆ ಒಂದೇ ಬಗೆಯದಿದ್ದರೆ ತುಳಿಯುತ್ತ ತುಳಿಯುತ್ತ ಎಡಗಡೆಯದು ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದು ಹಿಂದಿನವರು ಹೀಗೆ ಮಾಡಿದರು. ಸರಿ, ಎಡಗಡೆಯದು ಉಲ್ಟಾ ಎಂದು ನೆನಪಿಟ್ಟುಕೊಂಡಿರಾ? ಈಗ ಕೆಳಗೆ, ಕ್ರ್ಯಾಂಕುಗಳ ನಡುವಿನ ಅಚ್ಚು ಕೂರುವ ಬಾಟಮ್ ಬ್ರ್ಯಾಕೆಟ್ಟಿಗೆ ಬನ್ನಿ. ಇಂಗ್ಲಿಷ್ ಥ್ರೆಡ್ಡಿನದಾದರೆ ಅಲ್ಲಿ ಬಲಗಡೆಯ ಕಪ್‌ನ ಥ್ರೆಡ್ಡು ಉಲ್ಟಾ. ಇದನ್ನು ಮರೆತು ಬಿಚ್ಚಲು ಹೊರಟ ರಾಯರು ಬಲವೆಲ್ಲ ಹಾಕಿ ಅದನ್ನು ಇನ್ನಷ್ಟು ಬಿಗಿಮಾಡುತ್ತಾರೆ. ಇದಕ್ಕೊಂದು ಸ್ಪ್ಯಾನರು, ಕ್ರ್ಯಾಂಕು ಎಳೆಯಲೊಂದು ಪುಲ್ಲರು, ಗೇರಿನ ಚಕ್ರಗಳ ಗೊಂಚಲು ಬಿಚ್ಚಲೊಂದು ಕೀಲಿ, ಕೋನು ಹಿಡಿಯಲು ಹಪ್ಪಳದಷ್ಟೇ ತೆಳ್ಳನೆಯ ಇನ್ನೆರಡು. ಹದಿನೈದು ಡಾಲರಿನ ಸೈಕಲ್ಲಿನ ಸುತ್ತ ನೀಲಿ ಹಿಡಿಯ ಟೂಲುಗಳು ಗೋಡೆ ತುಂಬ ಏಳುತ್ತವೆ. ಎರಡು ಕಾರು ನಿಲ್ಲಬೇಕಾದ ಗರಾಜಿನಲ್ಲಿ ಸೈಕಲ್ಲು ಬೆಚ್ಚಗೆ ಮಲಗಿರುತ್ತದೆ, ಕಾರುಗಳು ಹೊರಗೆ ಹಿಮ ಹೊದ್ದುಕೊಂಡಿರುತ್ತವೆ.

ಹಬ್ಬು ಬಿಚ್ಚುವ ದಿನ ಮನೆಯಲ್ಲಿ ಯಾರೂ ಬರಿಗಾಲಲ್ಲಿ ಓಡಾಡುವಂತಿಲ್ಲ. ಮುಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಒಂದೊಂದು ಕಡೆ ಹತ್ತು ಬಾಲ್ಸು, ಒಂದು ಇಂಚಿನ ಹದಿನಾರರಲ್ಲಿ ಮೂರು ಭಾಗದವು. ಹಿಂದಿನದರಲ್ಲಿ ಒಂದೊಂದು ಕಡೆ ಒಂಬತ್ತು, ಕಾಲಿಂಚಿನವು. ಒಟ್ಟು ಮೂವತ್ತೆಂಟು. ರಾಯರು ಎಣಿಸಿದಾಗ ಮೂವತ್ತೇಳು. ಮೂವತ್ತೆಂಟನೆಯದು ಡ್ರೈಯರಿನ ಕೆಳಗಿದೆ ಎಂದು ಎಲ್ಲರಿಗೂ ಗೊತ್ತು, ಡ್ರೈಯರು ಸರಿಸುವವರು ಯಾರೆಂಬುದು ಮಾತ್ರ ಪ್ರಶ್ನೆ. ನಿಜಕ್ಕೂ ಹುಡುಕುವ ಅಗತ್ಯವಿಲ್ಲ. ಬಾಲ್ಸಿನ ಬೆಲೆ ಕಡಿಮೆ. ಹಳೆಯವನ್ನು ಪೂರಾ ತೆಗೆದು ಹೊಸದನ್ನೇ ಹಾಕಬೇಕು, ಸವೆದದ್ದನ್ನೂ ಸವೆಯದ್ದನ್ನೂ ಬೆರೆಸಬಾರದು. ಗ್ರೀಸು ಧಾರಾಳವಾಗಿರಲಿ. ಕೋನು ಬಿಗಿಯುವಾಗ ಕೈಯಲ್ಲಿ ಅಲ್ಲಾಡಿಸಿದರೆ ಒಂದೆಳೆಯಷ್ಟು ಸಡಿಲ ಉಳಿದಿರಬೇಕು. ಫ್ರೇಮಿಗೆ ಕೂರಿಸಿ ಕ್ವಿಕ್ ರಿಲೀಸಿನ ಹಿಡಿ ಒತ್ತಿದಾಗ ಆ ಸಡಿಲ ತಾನೇ ಹೋಗುತ್ತದೆ. ಇಷ್ಟನ್ನೂ ರಾಯರು ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಇದೇ ಮನುಷ್ಯರು ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿದರೆ ಪ್ಲಂಬರನ್ನು ಕರೆಸುತ್ತಾರೆ.

ಚಕ್ರದ ಬೆಂಡು ತೆಗೆಯುವುದರಲ್ಲಿ ಮಾತ್ರ ರಾಯರ ಗರ್ವ ಇಳಿಯುತ್ತದೆ. ಊರಿನ ಸೈಕಲ್ ಶಾಪಿನ ಸಾಬರು ಚಕ್ರ ತಿರುಗಿಸಿ, ರಿಮ್ಮಿಗೆ ಹೆಬ್ಬೆರಳು ಆನಿಸಿ, ಬೀಡಿ ಕಚ್ಚಿಕೊಂಡೇ ನಾಲ್ಕು ಕಡ್ಡಿಗಳಿಗೆ ಕೀಲಿ ಹಾಕಿ ಮುಗಿಸುತ್ತಿದ್ದರು. ರಾಯರಿಗೆ ಅದಕ್ಕೊಂದು ಸ್ಟ್ಯಾಂಡು, ಕಡ್ಡಿಯ ಬಿಗಿ ಅಳೆಯಲೊಂದು ಮೀಟರು, ಬೆಳಕಿಗೊಂದು ತಲೆಗೆ ಕಟ್ಟುವ ದೀಪ ಬೇಕು. ರಿಮ್ಮು ಎಡಕ್ಕೆ ಹೋದಲ್ಲಿ ಬಲಗಡೆಯ ಕಡ್ಡಿ ಬಿಗಿ, ಎಡಗಡೆಯದು ಸಡಿಲ, ಕಾಲು ಸುತ್ತಿಗಿಂತ ಹೆಚ್ಚು ಬೇಡ. ಸೂತ್ರ ಇಷ್ಟೇ. ರಾಯರು ಇದನ್ನೊಂದು ಸಂಜೆಯಲ್ಲಿ ಕಲಿತು, ಮುಂದಿನ ಸಂಜೆಗಳನ್ನೆಲ್ಲ ಅದನ್ನು ಮಾಡುವುದರಲ್ಲಿ ಕಳೆಯುತ್ತಾರೆ.

ಬ್ರೇಕಿನ ಪುರಾಣ ಬೇರೆ. 1989ರ ಸೈಕಲ್ಲಿಗೆ ಕ್ಯಾಂಟಿಲಿವರ್ ಬ್ರೇಕು. ಎರಡು ತೋಳು, ನಡುವೆ ಅಡ್ಡ ತಂತಿ, ಅದನ್ನು ಮೇಲಕ್ಕೆಳೆಯಲು ಇನ್ನೊಂದು ತಂತಿ. ರಬ್ಬರು ರಿಮ್ಮನ್ನು ಮುಟ್ಟುವಾಗ ಮುಂದಿನ ತುದಿ ಒಂದು ಕೂದಲು ಮೊದಲು ಮುಟ್ಟಬೇಕು, ಇಲ್ಲದಿದ್ದರೆ ಬ್ರೇಕು ಕಿರುಚುತ್ತದೆ. ರಬ್ಬರಿನ ಹಿಂತುದಿಗೆ ಒಂದು ರಟ್ಟಿನ ಚೂರು ಸಿಕ್ಕಿಸಿ ಬಿಗಿದು, ಆಮೇಲೆ ತೆಗೆದರೆ ಆಯಿತು. ಒಂದೇ ಬೋಲ್ಟು ರಬ್ಬರಿನ ಎತ್ತರ, ಓರೆ, ದೂರ ಮೂರನ್ನೂ ಹಿಡಿಯಬೇಕಾದ್ದರಿಂದ ಒಂದು ಸರಿಹೋದಾಗ ಎರಡು ಕೆಡುತ್ತವೆ. ಗರಾಜಿನಿಂದ ಆಗಾಗ ಕೇಳಿಬರುವ ಕನ್ನಡ ಈ ಬೋಲ್ಟನ್ನು ಕುರಿತದ್ದು. ಕೆನಡಾದಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಕೊರಗುವವರು ಬಾಗಿಲು ಸ್ವಲ್ಪ ತೆರೆದಿಟ್ಟರೆ ಸಾಕು.

ಟೈರಿನ ವಿಷಯದಲ್ಲಿ ಊರಿನ ನೆಂಟರನ್ನು ನಂಬಬಾರದು. ಹಳೇ ಮೌಂಟನ್ ಬೈಕಿನದು 26 ಇಂಚಿನ ಚಕ್ರ; ಟೈರು ಕೂರುವ ರಿಮ್ಮಿನ ಅಡ್ಡಳತೆ 559 ಮಿಲಿಮೀಟರ್. ಹೊಸ ಮೌಂಟನ್ ಬೈಕುಗಳು ಹೆಚ್ಚಾಗಿ 584ಕ್ಕೆ, 622ಕ್ಕೆ ಹೋಗಿವೆ. "26 ತಾನೇ? ನಾನು ತರ್ತೀನಿ ಬಿಡಿ ಭಾವ" ಎಂದು ಬೆಂಗಳೂರಿನಿಂದ ಬರುವ ಭಾಮೈದ ಚಟ್ನಿಪುಡಿಯ ಡಬ್ಬಿಗಳ ಸುತ್ತ ಟೈರು ಸುತ್ತಿಕೊಂಡು ಬರುತ್ತಾನೆ. ಅದು 26ರದೇ, ಆದರೆ 26 × 1 3/8. ಅದರ ರಿಮ್ಮು 590. ಹಾಕಿದರೆ ಬಳೆಯ ಹಾಗೆ ಜಾರಿ ಬರುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿರುವ ಮಿಲಿಮೀಟರ್ ಸಂಖ್ಯೆಯೇ ಸತ್ಯ, ಇಂಚೆಲ್ಲ ಮಾಯೆ. ಭಾಮೈದನಿಗೆ ಇದನ್ನು ಹೇಳುವಂತಿಲ್ಲ. ಅವನ ಅಕ್ಕ ಅಲ್ಲೇ ನಿಂತಿರುತ್ತಾಳೆ.

ಅಕ್ಕನ ಸಹನೆಗೂ ಮಿತಿಯಿದೆ. ಕ್ರೋಮಿನ ತುಕ್ಕು ಹೋಗಲು ಅಲ್ಯೂಮಿನಿಯಂ ಫಾಯಿಲನ್ನು ನೀರಲ್ಲಿ ಅದ್ದಿ ಉಜ್ಜಬೇಕೆಂದು ಚಪಾತಿ ಸುತ್ತುವ ಸುರುಳಿ ಖಾಲಿಯಾದಾಗ ಆಕೆ ಸುಮ್ಮನಿದ್ದರು. ಚೈನನ್ನು ಮೇಣದಲ್ಲಿ ಅದ್ದಿದರೆ ಕೊಳೆ ಅಂಟುವುದಿಲ್ಲವೆಂದು ಹಳೇ ಕುಕ್ಕರು ಕೆಳಗಿಳಿದಾಗ ಮಾತ್ರ, "ರೀ, ಅದರಲ್ಲಿ ನಾಳೆ ಬೇಳೆ ಬೇಯಿಸಿ ನಿಮಗೇ ಬಡಿಸ್ತೀನಿ" ಎಂದರು.

ಅಂತೂ ಸೈಕಲ್ಲು ಎದ್ದು ನಿಂತಿತು. ಆಯುಧ ಪೂಜೆಗೆ ಸರಿಯಾಗಿ ಕುಂಕುಮ ಹಚ್ಚಿಸಿಕೊಂಡು, ಚಕ್ರದ ಕೆಳಗೆ ನಿಂಬೆಹಣ್ಣು ಇರಿಸಿಕೊಂಡು, ಓಕ್ ರಿಡ್ಜಸ್ ಕಡೆಗೆ ಹೊರಟಿತು. ಅಲ್ಲಿ ಸ್ವಲ್ಪ ಏರಿಳಿತ ಉಂಟು. ಹಿಮಯುಗದ ನೀರ್ಗಲ್ಲುಗಳು ಮರಳು, ಜಲ್ಲಿ ಗುಡ್ಡೆಹಾಕಿ ಹೋದದ್ದರಿಂದ ಆದ 160 ಕಿಲೋಮೀಟರ್ ಉದ್ದದ ದಿಬ್ಬ ಅದು. ವಿಲ್ಕಾಕ್ಸ್ ಸರೋವರ, ಬಾಂಡ್ ಸರೋವರಗಳು ಮಂಜುಗಡ್ಡೆಯ ತುಂಡು ಹೂತು ಕರಗಿದ ಗುಂಡಿಗಳು. ಮನೆ ಕಟ್ಟುವವರು ಅದನ್ನೆಲ್ಲ ನುಂಗದಿರಲೆಂದು 2001ರಲ್ಲಿ ಒಂಟಾರಿಯೊ ಸರ್ಕಾರ ಕಾಯಿದೆಯನ್ನೇ ತಂದಿತು. ಅಂಥ ಜಾಗದಿಂದ ರಾಯರು ಮುಕ್ಕಾಲು ಗಂಟೆಯಲ್ಲಿ ಹಿಂತಿರುಗಿದರು. ಎರಡು ಕೈಯೂ ಸೊಂಟದ ಮೇಲೆ.

ದೋಷ ಸೈಕಲ್ಲಿನದಲ್ಲ, ಕಾಲದ್ದು. ಆಗಿನವರು ಮೌಂಟನ್ ಬೈಕನ್ನೂ ರೇಸಿನವರ ಹಾಗೆ ಬಗ್ಗಿ ಓಡಿಸುತ್ತಿದ್ದರು. ಹ್ಯಾಂಡಲ್ಲನ್ನು ಹಿಡಿಯುವ ಸ್ಟೆಮ್ಮು ಒಂದು ಗೇಣು ಮುಂದಕ್ಕೆ ಚಾಚಿರುತ್ತಿತ್ತು. ಇಪ್ಪತ್ತೆರಡರ ತರುಣನಿಗೆ ಹೊಲಿದ ಅಂಗಿಯನ್ನು ಐವತ್ತಕ್ಕೆ ಹತ್ತಿರವಾದ ರಾಯರು ತೊಟ್ಟಿದ್ದರು. ಇಲ್ಲಿಂದ ಶುರುವಾಯಿತು ತಿದ್ದುಪಡಿ. ಮೊದಲು ಸ್ಟೆಮ್ಮು ಗಿಡ್ಡ ಮಾಡಿ, ಕೆತ್ತಿದ ಗೆರೆ ಮೀರದಷ್ಟು ಮೇಲಕ್ಕೆತ್ತಿದರು. ನೇರ ಹ್ಯಾಂಡಲ್ಲಿಗೆ ಬೆನ್ನು ಒಪ್ಪಲಿಲ್ಲ. ಹಿಂದಕ್ಕೆ ಬಾಗಿದ ಹ್ಯಾಂಡಲ್ಲು ಬಂತು. ಮಳೆಯಲ್ಲಿ ಕೆಸರು ಬೆನ್ನಿಗೆ ರಂಗೋಲಿ ಹಾಕಿತು, ಮಡ್‌ಗಾರ್ಡು ಬಂತು. ಆ ಕಾಲದ ಫ್ರೇಮುಗಳಲ್ಲಿ ಕ್ಯಾರಿಯರು ಕೂರಿಸಲು ಕಿಂಡಿಗಳು ಸಿದ್ಧವಾಗಿಯೇ ಇರುತ್ತವೆ, ಕೊತ್ತಂಬರಿಗೂ ಹಾಲಿಗೂ ಕಾರು ತೆಗೆಯುವುದೇಕೆ? ಕ್ಯಾರಿಯರು ಬಂತು. ಒಂಟಾರಿಯೊ ಕಾನೂನಿನಂತೆ ಸೈಕಲ್ಲಿಗೆ ಬೆಲ್ಲು ಇರಲೇಬೇಕು, ಕತ್ತಲಾದರೆ ಮುಂದೆ ದೀಪ, ಹಿಂದೆ ಕೆಂಪು ದೀಪವೋ ರಿಫ್ಲೆಕ್ಟರೋ ಇರಬೇಕು. ಬೆಲ್ಲು ಬಂತು, ದೀಪವೂ ಬಂತು.

ಒಂದು ಭಾನುವಾರ ನಾವು ನಾಲ್ಕು ಜನ ಕಾಫಿ ಕುಡಿಯುತ್ತ ಆ ಸೈಕಲ್ಲನ್ನು ನೋಡುತ್ತಿದ್ದೆವು. ಯಾರೂ ಮಾತಾಡಲಿಲ್ಲ, ಕೊನೆಗೆ ಬಾಗಲಕೋಟೆಯವರೇ ಬಾಯಿಬಿಟ್ಟರು: "ಅಲ್ರೀ, ಇದು ಅಟ್ಲಾಸ್ ಅಲ್ಲೇನ್ರೀ?"

ಹೌದು. ಬಾಗಿದ ಹ್ಯಾಂಡಲ್ಲು, ಮಡ್‌ಗಾರ್ಡು, ಕ್ಯಾರಿಯರು, ಟ್ರಿಣ್ ಎನ್ನುವ ಬೆಲ್ಲು. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾಗಿ, ಎಪ್ಪತ್ತು ವರ್ಷದ ಹತ್ತಿರ ದೇಶದ ಅಕ್ಕಿ, ಹಾಲು, ಮಕ್ಕಳು, ಮೇಷ್ಟರು ಎಲ್ಲರನ್ನೂ ಹೊತ್ತು, 2020ರ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿದ ಅಟ್ಲಾಸ್ ಕಂಪನಿಯ ಸೈಕಲ್ಲೇ ಎದುರಿಗೆ ನಿಂತ ಹಾಗಿತ್ತು. ರಾಯರ ಅಪ್ಪ ಮುನಿಸಿಪಾಲಿಟಿಯ ಬಿಲ್ಲೆ ಕಟ್ಟಿಸಿಕೊಂಡು, ದೀಪವಿಲ್ಲವೆಂದು ಪೊಲೀಸರು ಗಾಳಿ ಬಿಟ್ಟಾರೆಂಬ ಹೆದರಿಕೆಯಲ್ಲಿ, ಕಚೇರಿಗೆ ತುಳಿದ ಸೈಕಲ್ಲು. ಮಗ ರಾಯರು ಎಂಜಿನಿಯರಿಂಗ್ ಓದಿ, ವೀಸಾ ಪಡೆದು, ಸಮುದ್ರ ದಾಟಿ, ಮೂರೇಳಲಿ ಇಪ್ಪತ್ತೊಂದು ಗೇರು ಕೂರಿಸಿ, ಅದನ್ನೇ ಮತ್ತೆ ಕಟ್ಟಿದ್ದಾರೆ.

ರಾಯರು ಒಪ್ಪಲಿಲ್ಲ. ಉಕ್ಕಿನ ಗುಣ, ತೂಕ, ಟೈರಿನ ಅಗಲ ಎಂದು ಅರ್ಧ ಗಂಟೆ ವಾದಿಸಿದರು. ವಾದದ ನಡುವೆ ಅವರ ಮನೆಯವರು ಹೆಲ್ಮೆಟ್ ಹಾಕಿಕೊಂಡು ಸೈಕಲ್ಲು ತಳ್ಳಿಕೊಂಡು ಹೋಗಿ, ಅಂಗಡಿಯಿಂದ ಮೊಸರು, ಬಾಳೆಹಣ್ಣು, ಕರಿಬೇವು ತಂದು ಕ್ಯಾರಿಯರಿನಿಂದ ಇಳಿಸಿದರು. "ಚೆನ್ನಾಗಿ ಮಾಡಿದ್ದೀರಿ ಕಣ್ರೀ, ಬೆಣ್ಣೆ ಹಾಗೆ ಹೋಗತ್ತೆ" ಎಂದರು. ರಾಯರ ಮುಖ ಅರಳಿತು. "ಒಂದು ಸ್ಟ್ಯಾಂಡ್ ಹಾಕಿಸಿಬಿಡಿ."

ಮುಖ ಮುದುಡಿತು. ಮಡ್‌ಗಾರ್ಡನ್ನು ಸಹಿಸಿದ, ಬೆಲ್ಲಿಗೆ ತಲೆಬಾಗಿದ ರಾಯರು ಸ್ಟ್ಯಾಂಡಿಗೆ ಮಾತ್ರ ಜಗ್ಗಲಿಲ್ಲ. ಮೌಂಟನ್ ಬೈಕಿಗೆ ಸ್ಟ್ಯಾಂಡ್ ಹಾಕಿದವನುಂಟೇ ಎಂದು ಕೇಳಿದರು. ಮಾತುಕತೆ ಇನ್ನೂ ನಡೆದಿದೆ. ನನ್ನ ಅಂದಾಜಿನ ಪ್ರಕಾರ ಯುಗಾದಿಯೊಳಗೆ ರಾಯರು ಸೋಲುತ್ತಾರೆ. ಅಷ್ಟರವರೆಗೆ ನಿಮ್ಮ ಗರಾಜಿನಲ್ಲಿ 26 ಇಂಚಿನ ಹಳೇ ಸೈಕಲ್ಲೊಂದು ತೂಗುತ್ತಿದ್ದರೆ ದಯವಿಟ್ಟು ಎಸೆಯಬೇಡಿ. ಬಿಚ್ಚಿ, ಗ್ರೀಸು ಹಾಕಿ, ಹ್ಯಾಂಡಲ್ಲು ಎತ್ತರಿಸಿ, ಮನೆಯವರ ಕೈಗೆ ಕೊಡಿ. ರಾಯರಿಗೆ ಮಾತ್ರ ತಿಳಿಸಬೇಡಿ; ನಿನ್ನೆ ತಾನೇ ಎರಡನೆಯದನ್ನು ಹದಿನೈದಕ್ಕೆ ಕೇಳುತ್ತಿದ್ದರು.